ಹಾಲಿವುಡ್ ಟಾಕಿಗಳ ಮೊದಲ ದಿನಗಳಲ್ಲಿ ಹಾಡಿದವರು: ಮರೆತುಹೋದ ಹೆಸರುಗಳನ್ನು ಇಲ್ಲಿ ಸೇರಿಸಿ

ಪ್ಲೇಟು_ಪೆಟ್ಟಿಗೆ

ಗೆಳೆಯರೇ, ನಮಸ್ಕಾರ. ಸಿನಿಮಾಕ್ಕೆ ಮಾತು ಬಂದ ಹೊಸದರಲ್ಲಿ ಹಾಲಿವುಡ್‌ನಲ್ಲಿ ಹಾಡಿದವರ ಬಗ್ಗೆ ಒಂದು ಎಳೆ ಬೇಕು ಅಂತ ಬಹಳ ದಿನದಿಂದ ಅನಿಸುತ್ತಿತ್ತು. ಆಲ್ ಜೋಲ್ಸನ್, ಬಿಂಗ್ ಕ್ರಾಸ್ಬಿ, ಜೂಡಿ ಗಾರ್ಲೆಂಡ್ ಎಲ್ಲರಿಗೂ ಗೊತ್ತು. ಅವರನ್ನು ಬಿಡೋಣ. ಅವರ ಪಕ್ಕದಲ್ಲೇ ಹಾಡಿ, ಆ ಕಾಲಕ್ಕೆ ಮನೆಮಾತಾಗಿ, ಈಗ ಯಾರ ಬಾಯಲ್ಲೂ ಹೆಸರು ಉಳಿಯದವರು ಇದ್ದಾರೆ. ಇನ್ನು ಕೆಲವರ ಹೆಸರು ಆಗಲೂ ಯಾರಿಗೂ ಗೊತ್ತಿರಲಿಲ್ಲ. ಪರದೆಯ ಮೇಲೆ ಬಾಯಿ ಆಡಿಸಿದವರು ಒಬ್ಬರು, ಹಾಡಿದವರು ಇನ್ನೊಬ್ಬರು. ಈ ಎರಡೂ ಬಗೆಯವರನ್ನು ಇಲ್ಲಿ ಸೇರಿಸೋಣ. ಯಾವ ಚಿತ್ರ, ಯಾವ ಹಾಡು, ಆಮೇಲೆ ಅವರು ಏನಾದರು, ಇಷ್ಟು ಬರೆದರೆ ಸಾಕು.

ನಾನು ಚಾರ್ಲ್ಸ್ ಕಿಂಗ್ ಅವರಿಂದ ಶುರು ಮಾಡುತ್ತೇನೆ. 1929ರ 'ದ ಬ್ರಾಡ್‌ವೇ ಮೆಲೊಡಿ' ಆಸ್ಕರ್‌ನಲ್ಲಿ ಅತ್ಯುತ್ತಮ ಚಿತ್ರ ಅನಿಸಿಕೊಂಡ ಮೊದಲ ಮಾತಿನ ಚಿತ್ರ. ಅದರ ನಾಯಕ ಇವರೇ. ಅನಿತಾ ಪೇಜ್ ಎದುರು ನಿಂತು 'ಯೂ ವರ್ ಮೆಂಟ್ ಫಾರ್ ಮೀ' ಹಾಡುತ್ತಾರೆ. ಕೇಳಿದರೆ ತಕ್ಷಣ ಗೊತ್ತಾಗುತ್ತದೆ, ಇದು ನಾಟಕದ ಮಂದಿಯ ಗಂಟಲು. ಕೊನೆ ಸಾಲಿನವರಿಗೂ ಕೇಳಬೇಕು ಅಂತ ಪಳಗಿಸಿದ ದನಿ. ಮೈಕು ಹತ್ತಿರವಿದ್ದರೂ ಅವರು ದನಿ ತಗ್ಗಿಸುವುದಿಲ್ಲ. ನನಗೆ ಅದೇ ಇಷ್ಟ.

ಅದೇ ವರ್ಷ 'ಹಾಲಿವುಡ್ ರೆವ್ಯೂ ಆಫ್ 1929' ಬಂತು. ಅದರಲ್ಲಿ ಕಾನ್ರಾಡ್ ನೇಗಲ್ ಎಂಬ ನಟ ಅದೇ ಹಾಡನ್ನು ಅದೇ ಅನಿತಾ ಪೇಜ್‌ಗೆ ಹಾಡುತ್ತಾರೆ. ಬಾಯಿ ನೇಗಲ್ ಅವರದು, ದನಿ ಮಾತ್ರ ಚಾರ್ಲ್ಸ್ ಕಿಂಗ್ ಅವರದೇ. ಮುಂದಿನ ವರ್ಷ ಕಿಂಗ್ 'ಚೇಸಿಂಗ್ ರೇನ್‌ಬೋಸ್'ನಲ್ಲಿ ನಟಿಸಿದರು. 1932ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ರೂಸ್‌ವೆಲ್ಟ್ ಪರವಾಗಿ ಎಲ್ಲೆಲ್ಲೂ ಮೊಳಗಿದ 'ಹ್ಯಾಪಿ ಡೇಸ್ ಆರ್ ಹಿಯರ್ ಅಗೇನ್' ಆ ಚಿತ್ರದ ಕೊನೆಯ ಬಣ್ಣದ ಭಾಗದಲ್ಲಿತ್ತು. ಆ ಬಣ್ಣದ ಭಾಗ ಈಗ ಇಲ್ಲ, ಕಳೆದುಹೋಗಿದೆ. ಕಿಂಗ್ 1944ರ ಜನವರಿಯಲ್ಲಿ ಲಂಡನ್‌ನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಯುದ್ಧದ ಸಮಯ, ಸೈನಿಕರಿಗೆ ಹಾಡಿ ರಂಜಿಸಲು ಹೋಗಿದ್ದರು.

ಮಲ್ಲೇಶ್ವರದವಳು

ಒಳ್ಳೆ ಕೆಲಸ ಮಾಡಿದಿರಿ ಸರ್. 'ಹಾಲಿವುಡ್ ರೆವ್ಯೂ' ಹೆಸರು ತೆಗೆದಿರಿ, ಹಾಗಾಗಿ ಅದರಿಂದಲೇ ಮುಂದುವರಿಸುತ್ತೇನೆ.

'ಸಿಂಗಿಂಗ್ ಇನ್ ದ ರೇನ್' ಅಂದರೆ ಎಲ್ಲರೂ 1952ರ ಜೀನ್ ಕೆಲ್ಲಿಯನ್ನು ನೆನೆಯುತ್ತಾರೆ. ಆದರೆ ಅದಕ್ಕೆ 23 ವರ್ಷ ಮೊದಲೇ ಆ ಹಾಡನ್ನು ಪರದೆಯ ಮೇಲೆ ಹಾಡಿದ್ದು ಕ್ಲಿಫ್ ಎಡ್ವರ್ಡ್ಸ್. ಕೈಯಲ್ಲಿ ಯುಕುಲೆಲೆ (ಪುಟ್ಟ ಗಿಟಾರಿನಂಥ ವಾದ್ಯ), ಜೊತೆಗೆ ಬ್ರಾಕ್ಸ್ ಸಿಸ್ಟರ್ಸ್ ಎಂಬ ಗಾಯಕಿಯರ ತಂಡ. ಎಡ್ವರ್ಡ್ಸ್ ಅವರನ್ನು ಜನ 'ಯುಕುಲೆಲೆ ಐಕ್' ಅಂತಲೇ ಕರೆಯುತ್ತಿದ್ದರು. ಎತ್ತರದ ಸ್ವರಕ್ಕೆ ಎಷ್ಟು ಸಲೀಸಾಗಿ ಜಾರಿಕೊಂಡು ಹೋಗುತ್ತಾರೆ ಅಂದರೆ, ಕಷ್ಟಪಟ್ಟು ಹಾಡುತ್ತಿದ್ದಾರೆ ಅಂತ ಎಲ್ಲೂ ಅನಿಸುವುದಿಲ್ಲ.

ಇದೇ ಮನುಷ್ಯ 1940ರಲ್ಲಿ ಡಿಸ್ನಿಯ 'ಪಿನೋಕಿಯೊ' ಕಾರ್ಟೂನ್ ಚಿತ್ರದಲ್ಲಿ ಜಿಮಿನಿ ಕ್ರಿಕೆಟ್ ಎಂಬ ಜೀರುಂಡೆ ಪಾತ್ರದ ದನಿ. 'ವೆನ್ ಯೂ ವಿಶ್ ಅಪಾನ್ ಎ ಸ್ಟಾರ್' ಹಾಡಿದ್ದು ಇವರೇ. ಆ ಹಾಡಿಗೆ ಆಸ್ಕರ್ ಬಂತು. ಇವತ್ತಿಗೂ ಡಿಸ್ನಿ ಕಂಪನಿಯ ಗುರುತಿನ ರಾಗ ಅದೇ. ಪ್ರಪಂಚದ ಎಷ್ಟು ಮಕ್ಕಳು ಆ ಹಾಡು ಕೇಳಿ ಬೆಳೆದಿದ್ದಾರೋ!

1971ರಲ್ಲಿ ಹಾಲಿವುಡ್‌ನ ಒಂದು ನರ್ಸಿಂಗ್ ಹೋಂನಲ್ಲಿ, ಧರ್ಮಾರ್ಥ ರೋಗಿಯಾಗಿ ತೀರಿಕೊಂಡರು. ಕೈಯಲ್ಲಿ ಕಾಸಿರಲಿಲ್ಲ. ಶವ ಕೇಳಿಕೊಂಡು ಯಾರೂ ಬರಲಿಲ್ಲ. ವೈದ್ಯಕೀಯ ಕಾಲೇಜಿಗೆ ಕೊಟ್ಟುಬಿಟ್ಟಿದ್ದರು. ಆಮೇಲೆ ವಿಷಯ ಗೊತ್ತಾಗಿ ಕಲಾವಿದರ ನೆರವಿನ ಸಂಸ್ಥೆಗಳು ಮುಂದೆ ಬಂದು ಮಣ್ಣು ಮಾಡಿಸಿದವು. ಸಮಾಧಿ ಕಲ್ಲಿನ ಖರ್ಚು ಡಿಸ್ನಿಯವರು ಕೊಟ್ಟರು.

ಹೊಸಬ_ದುರ್ಗ

ಎಡ್ವರ್ಡ್ಸ್ ಕಥೆ ಓದಿ ಹೊಟ್ಟೆಯೊಳಗೆ ಏನೋ ಆಯ್ತು ಅಕ್ಕ.

ಪೆಟ್ಟಿಗೆ ಸರ್, ನನಗೊಂದು ಪ್ರಶ್ನೆ. 1929ರಲ್ಲೇ ಒಬ್ಬರ ಬಾಯಿಗೆ ಇನ್ನೊಬ್ಬರ ದನಿ ಹೇಗೆ ಕೂಡಿಸಿದರು? ಆಗ ಈಗಿನ ಹಾಗೆ ಟ್ರ್ಯಾಕ್ ಇರಲಿಲ್ಲ ಅಲ್ವಾ? ಮತ್ತೆ ನೋಡುವವರಿಗೆ ಇದು ಮೋಸ ಅಲ್ವಾ?

ಸೌಂಡ್_ಮೇಷ್ಟ್ರು

ಮೊದಲ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನಪ್ಪ. ಧ್ವನಿಗ್ರಹಣದಲ್ಲೇ ಬದುಕು ಕಳೆದವನು ನಾನು. ಈ ವಿಷಯ ಬಂದರೆ ಸುಮ್ನೆ ಇರಲಾಗುವುದಿಲ್ಲ.

ಆರಂಭದಲ್ಲಿ ಹಾಡು, ವಾದ್ಯ, ಚಿತ್ರ ಎಲ್ಲ ಒಟ್ಟಿಗೇ ಹಿಡಿಯಬೇಕಿತ್ತು. ಕ್ಯಾಮೆರಾ ಸದ್ದು ಮಾಡುತ್ತಿತ್ತು, ಹಾಗಾಗಿ ಅದನ್ನು ಕ್ಯಾಮೆರಾಮನ್ ಸಮೇತ ಗಾಳಿಯಾಡದ ಒಂದು ಗೂಡಿನೊಳಗೆ ಇಡುತ್ತಿದ್ದರು. ಆರ್ಕೆಸ್ಟ್ರಾ ಅಲ್ಲೇ ಸೆಟ್‌ನಲ್ಲಿ, ಕ್ಯಾಮೆರಾ ಕಣ್ಣಿಗೆ ಬೀಳದ ಜಾಗದಲ್ಲಿ ಕೂತು ನುಡಿಸುತ್ತಿತ್ತು. ಒಬ್ಬ ಕೆಮ್ಮಿದರೂ ಮತ್ತೆ ಮೊದಲಿನಿಂದ.

1929ರ 'ವಿಯರಿ ರಿವರ್' ಇದಕ್ಕೆ ಒಳ್ಳೆ ಉದಾಹರಣೆ. ನಾಯಕ ರಿಚರ್ಡ್ ಬಾರ್ಥೆಲ್ಮೆಸ್ ಮೂಕಿ ಕಾಲದ ದೊಡ್ಡ ತಾರೆ. ಪಾತ್ರ ಪಿಯಾನೋ ನುಡಿಸುತ್ತಾ ಹಾಡಬೇಕು. ಅವರಿಗೆ ಎರಡೂ ಬರುವುದಿಲ್ಲ. ಅವರು ಕೂತ ಪಿಯಾನೋದ ತಂತಿಗಳಿಗೆ ಫೆಲ್ಟ್ ಬಟ್ಟೆ ಕೊಟ್ಟು ಸದ್ದು ಬಾರದ ಹಾಗೆ ಮಾಡಿದರು. ಅವರು ಪಿಯಾನೋ ಕೀಗಳ ಮೇಲೆ ಬೆರಳಾಡಿಸುತ್ತಾ ಬಾಯಿ ಆಡಿಸುತ್ತಿದ್ದರು. ಕ್ಯಾಮೆರಾದ ಆಚೆ, ಬೇರೆ ಮೈಕಿನ ಮುಂದೆ, ಜಾನಿ ಮರ್ರೆ ಎಂಬವರು ಹಾಡುತ್ತಿದ್ದರು, ಫ್ರಾಂಕ್ ಚರ್ಚಿಲ್ ಎಂಬವರು ಪಿಯಾನೋ ನುಡಿಸುತ್ತಿದ್ದರು. ಮೂವರೂ ಏಕಕಾಲಕ್ಕೆ. ಮರ್ರೆ ಅಲ್ಲಿವರೆಗೆ ಹೋಟೆಲಿನ ಬ್ಯಾಂಡಿನಲ್ಲಿ ಕಾರ್ನೆಟ್ ಎಂಬ ತುತ್ತೂರಿ ಊದುತ್ತಿದ್ದವರು.

'ಫೋಟೊಪ್ಲೇ' ಅಂತ ಒಂದು ಸಿನಿಮಾ ಪತ್ರಿಕೆ ಇತ್ತು. ಅದು 1929ರ ಜುಲೈ ಸಂಚಿಕೆಯಲ್ಲಿ ಇದನ್ನೆಲ್ಲ ಹೆಸರು ಸಮೇತ ಬಯಲು ಮಾಡಿತು. ಅದು ಬರೆಯದಿದ್ದರೆ ಜಾನಿ ಮರ್ರೆ ಹೆಸರು ನಮಗೆ ಸಿಗುತ್ತಿತ್ತೋ ಇಲ್ಲವೋ.

ಇನ್ನು ಹಾಡನ್ನು ಮೊದಲೇ ಮುದ್ರಿಸಿಟ್ಟು, ಆಮೇಲೆ ಅದಕ್ಕೆ ತಕ್ಕ ಹಾಗೆ ಚಿತ್ರ ತೆಗೆಯುವ ಪದ್ಧತಿ ಶುರುವಾದದ್ದು ಪೆಟ್ಟಿಗೆಯವರು ಹೇಳಿದ 'ಬ್ರಾಡ್‌ವೇ ಮೆಲೊಡಿ'ಯ ಸೆಟ್‌ನಲ್ಲೇ. 'ದ ವೆಡ್ಡಿಂಗ್ ಆಫ್ ದ ಪೇಂಟೆಡ್ ಡಾಲ್' ಅಂತ ಒಂದು ನೃತ್ಯ. ನಿರ್ಮಾಪಕ ಅರ್ವಿಂಗ್ ಥಾಲ್ಬರ್ಗ್‌ಗೆ ಚಿತ್ರ ಹಿಡಿದ ರೀತಿ ಹಿಡಿಸಲಿಲ್ಲ, ಮತ್ತೆ ತೆಗೆಯಿರಿ ಅಂದರು. ಧ್ವನಿ ವಿಭಾಗದ ಡಗ್ಲಸ್ ಶಿಯರರ್ ಒಂದು ಉಪಾಯ ಹೇಳಿದರು. ಹಾಡು ಚೆನ್ನಾಗಿಯೇ ಬಂದಿದೆ. ಅದನ್ನೇ ಸ್ಪೀಕರ್‌ನಲ್ಲಿ ಹಾಕೋಣ, ಹುಡುಗಿಯರು ಅದಕ್ಕೆ ಕುಣಿಯಲಿ. ಆರ್ಕೆಸ್ಟ್ರಾವನ್ನು ಮತ್ತೆ ಕರೆಸುವ ಖರ್ಚೂ ಉಳಿಯಿತು. ಅವತ್ತಿನಿಂದ ಸಿನಿಮಾ ಹಾಡಿನ ರೀತಿಯೇ ಬೇರೆಯಾಯಿತು.

ಆ ಹಾಡು ಹಾಡಿದವರು ಜೇಮ್ಸ್ ಬರೋಸ್. ತೆರೆಯ ಮೇಲೆ ಅವರು ಕಾಣುವುದೇ ಇಲ್ಲ, ದನಿ ಮಾತ್ರ. ಪ್ಲೇಬ್ಯಾಕ್ ಪದ್ಧತಿಯ ಮೊದಲ ಹಾಡುಗಳಲ್ಲಿ ಒಂದು ಅವರದು. ಪುಸ್ತಕಗಳು ಶಿಯರರ್ ಹೆಸರು ಹೇಳುತ್ತವೆ, ಥಾಲ್ಬರ್ಗ್ ಹೆಸರು ಹೇಳುತ್ತವೆ. ಬರೋಸ್ ಹೆಸರು ಹೇಳುವವರು ತೀರಾ ಕಮ್ಮಿ.

ಧಾರವಾಡ_ಕಿವಿ

ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ ತಮ್ಮಾ. ಮೋಸ ಅಂತ ನಾನು ಒಪ್ಪುವುದಿಲ್ಲ. ನಾವು ಪಿ.ಬಿ. ಶ್ರೀನಿವಾಸ್ ದನಿಯಲ್ಲಿ ರಾಜಕುಮಾರ್ ಅವರನ್ನು ನೋಡಿ ಬೆಳೆದವರು. ಒಬ್ಬರ ಮುಖ, ಇನ್ನೊಬ್ಬರ ದನಿ, ಎರಡೂ ಸೇರಿ ಒಂದು ಪಾತ್ರ. ಅದರಲ್ಲಿ ತಪ್ಪೇನಿದೆ?

ತಪ್ಪು ಇರುವುದು ಹೆಸರು ಮುಚ್ಚಿಡುವುದರಲ್ಲಿ. ಅದು ನಮ್ಮಲ್ಲೂ ಇತ್ತು. 1949ರ ಹಿಂದಿ ಚಿತ್ರ 'ಮಹಲ್'ನ 'ಆಯೇಗಾ ಆನೇವಾಲಾ' ಹಾಡಿನ ಗ್ರಾಮಫೋನ್ ಪ್ಲೇಟಿನ ಮೇಲೆ ಮೊದಲು ಇದ್ದದ್ದು ಪಾತ್ರದ ಹೆಸರು, 'ಕಾಮಿನಿ' ಅಂತ. ಕೇಳುಗರು ರೇಡಿಯೋಗೆ ಬರೆದು ಬರೆದು ಕೇಳಿದ ಮೇಲೆ ಲತಾ ಮಂಗೇಶ್ಕರ್ ಹೆಸರು ಹೊರಗೆ ಬಂತು. ನಮ್ಮಲ್ಲಿ ಜನ ಕೇಳಿದರು, ಅದಕ್ಕೇ ಹಿನ್ನೆಲೆ ಗಾಯಕರಿಗೆ ಒಂದು ಸ್ಥಾನ ಸಿಕ್ಕಿತು. ಅಮೆರಿಕದಲ್ಲಿ ಸ್ಟುಡಿಯೋಗಳು ಮುಚ್ಚಿಟ್ಟೇ ಉಳಿದವು. ತಾರೆಗೆ ಎಲ್ಲವೂ ಬರುತ್ತದೆ ಅಂತ ತೋರಿಸಿಯೇ ಟಿಕೆಟ್ ಮಾರಬೇಕಿತ್ತು ಅವರಿಗೆ.

ಪ್ಲೇಟು_ಪೆಟ್ಟಿಗೆ

ಕಿವಿಯವರ ಮಾತಿಗೆ ನನ್ನದೂ ಒಂದು ಸಹಿ. ಹೆಸರು ಹೇಳಿದರೆ ಮುಗಿಯಿತು, ಜಗಳವೇ ಇಲ್ಲ. ಹಾಗಾದರೆ ಹೇಳಿಬಿಡೋಣ.

1929ರ 'ಶೋ ಬೋಟ್'ನಲ್ಲಿ ಲಾರಾ ಲಾ ಪ್ಲಾಂಟ್ ಹಾಡುವ ಹಾಗೆ ಕಾಣುತ್ತಾರೆ. ಹಾಡಿದವರು ಇವಾ ಒಲಿವೊಟ್ಟಿ. 1935ರ 'ರೆಕ್‌ಲೆಸ್'ನಲ್ಲಿ ಜೀನ್ ಹಾರ್ಲೊಗೆ ಹಾಡಿದವರು ವರ್ಜೀನಿಯಾ ವೆರಿಲ್. ಮುಂದಿನ ವರ್ಷ 'ಸೂಝಿ'ಯಲ್ಲೂ ಹಾರ್ಲೊಗೆ ಅವರೇ.

ಇನ್ನೊಂದು ನನಗೆ ಇವತ್ತಿಗೂ ಅರ್ಥವಾಗದ ಪ್ರಸಂಗ. 1936ರ 'ದ ಗ್ರೇಟ್ ಝೀಗ್‌ಫೆಲ್ಡ್'. ಅದರಲ್ಲಿ ಗೋಪುರದ ಹಾಗೆ ಸುತ್ತಿಕೊಂಡು ಮೇಲೇರುವ ದೊಡ್ಡ ಮೆಟ್ಟಿಲು ಸೆಟ್ ಇದೆ. ಕೆಳಗೆ ಒಬ್ಬ ಯುವಕ 'ಎ ಪ್ರೆಟಿ ಗರ್ಲ್ ಈಸ್ ಲೈಕ್ ಎ ಮೆಲೊಡಿ' ಹಾಡುತ್ತಾನೆ. ಆತ ಸ್ಟ್ಯಾನ್ಲಿ ಮಾರ್ನರ್, ಮುಂದೆ ಡೆನ್ನಿಸ್ ಮಾರ್ಗನ್ ಅಂತ ಹೆಸರಾದವರು. ಒಳ್ಳೆ ಗಾಯಕ, ಆಮೇಲೆ ವಾರ್ನರ್ ಚಿತ್ರಗಳಲ್ಲಿ ಸ್ವಂತ ದನಿಯಲ್ಲೇ ಹಾಡಿದರು. ಆದರೆ ಈ ಚಿತ್ರದಲ್ಲಿ ಅವರ ಬಾಯಿಂದ ಬರುವುದು ಅಲನ್ ಜೋನ್ಸ್ ದನಿ! ಹಾಡಬಲ್ಲವನನ್ನು ನಿಲ್ಲಿಸಿ ಇನ್ನೊಬ್ಬ ಗಾಯಕನ ದನಿ ಹಾಕುವುದು ಅಂದರೆ ಏನು ಹೇಳುವುದು. ಆ ಹುಡುಗನಿಗೆ ಥಿಯೇಟರಿನಲ್ಲಿ ಕೂತು ನೋಡುವಾಗ ಹೇಗನಿಸಿರಬೇಡ!

ನ್ಯೂಜೆರ್ಸಿ_ಕನ್ನಡಿಗ

ನಾನಿರುವ ರಾಜ್ಯದವರೇ ಆದ ನಿಕ್ ಲೂಕಸ್ ಬಗ್ಗೆ ಬರೆಯಲೇಬೇಕು.

1897ರಲ್ಲಿ ಇಟಲಿ ಮೂಲದ ಮನೆಯಲ್ಲಿ ಹುಟ್ಟಿದರು. ಮೊದಲ ಹೆಸರು ಡೊಮಿನಿಕ್ ಲುಕನೀಸ್. 1922ರಲ್ಲಿ ಇವರು ನುಡಿಸಿದ ಒಂಟಿ ಗಿಟಾರ್ ಪ್ಲೇಟು, ಗಿಟಾರ್ ಚರಿತ್ರೆ ಬರೆಯುವವರು ಇವತ್ತಿಗೂ ತಪ್ಪದೆ ಹೆಸರಿಸುವಂಥದ್ದು. ಗಿಬ್ಸನ್ ಕಂಪನಿ ಇವರ ಹೆಸರಿನಲ್ಲೇ ಒಂದು ಗಿಟಾರ್ ತಂದಿತು. ಮೆತ್ತಗೆ, ಕಿವಿಯ ಹತ್ತಿರ ಬಂದು ಹೇಳುವ ಹಾಗೆ ಹಾಡುತ್ತಿದ್ದರು. ಪೆಟ್ಟಿಗೆಯವರು ಹೇಳಿದ ಚಾರ್ಲ್ಸ್ ಕಿಂಗ್ ದನಿಗೆ ಪೂರ್ತಿ ಉಲ್ಟಾ. ಮೈಕು ಬಂದ ಮೇಲೆ ಹೀಗೂ ಹಾಡಬಹುದು ಅಂತ ಮೊದಲು ಕಂಡುಕೊಂಡವರಲ್ಲಿ ಒಬ್ಬರು.

1929ರ 'ಗೋಲ್ಡ್ ಡಿಗರ್ಸ್ ಆಫ್ ಬ್ರಾಡ್‌ವೇ'ಯಲ್ಲಿ 'ಟಿಪ್‌ಟೋ ಥ್ರೂ ದ ಟ್ಯೂಲಿಪ್ಸ್' ಹಾಡಿದರು. ದೇಶಕ್ಕೆ ದೇಶವೇ ಗುನುಗಿತು. 1968ರಲ್ಲಿ ಟೈನಿ ಟಿಮ್ ಅದೇ ಹಾಡನ್ನು ಕೀರಲು ದನಿಯಲ್ಲಿ ಹಾಡಿ ಪ್ರಸಿದ್ಧರಾದರು. ಈಗ ಎಲ್ಲರೂ ಅದನ್ನು ಅವರದೇ ಹಾಡು ಅಂದುಕೊಂಡಿದ್ದಾರೆ. ಟಿಮ್ ಮಾತ್ರ ಮರೆಯಲಿಲ್ಲ. 1969ರ ಡಿಸೆಂಬರ್‌ನಲ್ಲಿ ಟಿವಿಯ 'ಟುನೈಟ್ ಶೋ'ನಲ್ಲೇ ಅವರ ಮದುವೆ ನಡೆಯಿತು. ಆಗ ನಿಕ್ ಲೂಕಸ್ ಅವರನ್ನು ಕರೆಸಿ ಆ ಹಾಡು ಹಾಡಿಸಿದರು. ಎಪ್ಪತ್ತು ದಾಟಿದ್ದ ಲೂಕಸ್ ಕೋಟ್ಯಂತರ ಜನರ ಮುಂದೆ ಮತ್ತೆ ಹಾಡಿದರು. ಟೈನಿ ಟಿಮ್ ಮೇಲೆ ನನಗೆ ಬಹಳ ಗೌರವ ಇರುವುದು ಇದಕ್ಕೇ.

ಲೂಕಸ್ ಹಾಡಿದ ಆ 1929ರ ಚಿತ್ರವನ್ನು ಈಗ ಪೂರ್ತಿ ನೋಡಲು ಆಗುವುದಿಲ್ಲ. ಕೊನೆಯ ಭಾಗದ ಎರಡು ರೀಲು ಮತ್ತೆ ಕೆಲವು ತುಣುಕು ಬಿಟ್ಟರೆ ಉಳಿದದ್ದು ಹಾಳಾಗಿದೆ. ಆದರೆ ಶುರುವಿನಿಂದ ಕೊನೆವರೆಗೆ ಕೇಳಬಹುದು, ಧ್ವನಿಯ ಪ್ಲೇಟುಗಳೆಲ್ಲ ಉಳಿದಿವೆ.

ಹೊಸಬ_ದುರ್ಗ

ಇದು ಹೇಗೆ ಸಾಧ್ಯ? ಚಿತ್ರ ಹೋಗಿ ಬರೀ ಸದ್ದು ಉಳಿಯುವುದು?

ಸೌಂಡ್_ಮೇಷ್ಟ್ರು

ಒಳ್ಳೆ ಪ್ರಶ್ನೆ. ವಾರ್ನರ್ ಬ್ರದರ್ಸ್ ಆಗ ಬಳಸುತ್ತಿದ್ದದ್ದು ವೈಟಾಫೋನ್ ಎಂಬ ಧ್ವನಿ ಪದ್ಧತಿ. ಅದರಲ್ಲಿ ಧ್ವನಿ ಫಿಲಂ ಮೇಲೆ ಇರುತ್ತಿರಲಿಲ್ಲ. 16 ಇಂಚಿನ ಪ್ಲೇಟಿನ ಮೇಲೆ ಇರುತ್ತಿತ್ತು. ನಮ್ಮ ಮನೆಗಳಲ್ಲಿದ್ದ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗಿದರೆ ಇದು 33⅓ ಸುತ್ತು. ಒಂದು ರೀಲಿಗೆ ಒಂದು ಪ್ಲೇಟು, ಸುಮಾರು 11 ನಿಮಿಷ. ಮುಳ್ಳು ಒಳಗಿನಿಂದ ಹೊರಗೆ ಬರುತ್ತಿತ್ತು. ಮುಳ್ಳು ಸವೆಯುವ ಹೊತ್ತಿಗೆ ಹೊರಗಿನ ದೊಡ್ಡ ಸುತ್ತಿಗೆ ಬಂದಿರುತ್ತದೆ. ಅಲ್ಲಿ ಗೆರೆ ಉದ್ದ, ಹಾಗಾಗಿ ಸದ್ದು ಕೆಡುವುದು ಕಮ್ಮಿ. ಪ್ರತಿ ಸಲಕ್ಕೂ ಹೊಸ ಮುಳ್ಳು. ಎಷ್ಟು ಸಲ ಹಾಕಿದೆವು ಅಂತ ಗುರುತು ಹಾಕಲು ಲೇಬಲ್ ಮೇಲೆ ಪುಟ್ಟ ಚೌಕಗಳು ಇರುತ್ತಿದ್ದವು. ಇಪ್ಪತ್ತು ಚಿಲ್ಲರೆ ಸಲ ಆದ ಮೇಲೆ ಆ ಪ್ಲೇಟು ಬಿಸಾಡಿ ಹೊಸದು ತರಿಸಬೇಕು.

ಪ್ರೊಜೆಕ್ಟರಿನವನ ಪಾಡು ಕೇಳಬೇಡಿ. ಫಿಲಂ ಹರಿದು ನಾಲ್ಕು ಫ್ರೇಮು ಹೋದರೆ, ಅಷ್ಟೇ ಉದ್ದದ ಕಪ್ಪು ಫಿಲಂ ಅಂಟಿಸಬೇಕು. ಇಲ್ಲದಿದ್ದರೆ ಅಲ್ಲಿಂದ ಮುಂದೆ ತುಟಿ ಒಂದು ಕಡೆ, ಮಾತು ಒಂದು ಕಡೆ.

ಈಗ ನಿನ್ನ ಪ್ರಶ್ನೆ. ಆಗಿನ ಫಿಲಂ ನೈಟ್ರೇಟ್. ಬೇಗ ಬೆಂಕಿ ಹಿಡಿಯುತ್ತದೆ, ಇಟ್ಟಲ್ಲೇ ಕೊಳೆಯುತ್ತದೆ. ಬೇರೆ ಕಡೆ ಇಟ್ಟಿದ್ದ ಪ್ಲೇಟು ಒಡೆಯದಿದ್ದರೆ ಹಾಗೇ ಇರುತ್ತದೆ. ಹೀಗೆ ಒಂದು ಕಡೆ ಮೂಕ ಚಿತ್ರ, ಇನ್ನೊಂದು ಕಡೆ ಚಿತ್ರವಿಲ್ಲದ ದನಿ ಉಳಿದವು. 1991ರಲ್ಲಿ ರಾನ್ ಹಚಿನ್‌ಸನ್ ಮತ್ತು ಗೆಳೆಯರು ಸೇರಿ 'ವೈಟಾಫೋನ್ ಪ್ರಾಜೆಕ್ಟ್' ಅಂತ ಶುರು ಮಾಡಿದರು. ಸಂಗ್ರಹಕಾರರ ಮನೆಗಳಲ್ಲಿದ್ದ ಪ್ಲೇಟುಗಳನ್ನು ಹುಡುಕಿ, ಆರ್ಕೈವ್‌ಗಳಲ್ಲಿ ಮೂಕಾಗಿ ಕೂತಿದ್ದ ಫಿಲಂಗೆ ಜೋಡಿ ಮಾಡಿಸಿದರು. ಹಚಿನ್‌ಸನ್ 2019ರಲ್ಲಿ ತೀರಿಕೊಂಡರು. ಎಷ್ಟೋ ಗಾಯಕರಿಗೆ ಮತ್ತೆ ಬಾಯಿ ಕೊಟ್ಟ ಮನುಷ್ಯ.

ಧಾರವಾಡ_ಕಿವಿ

ಮೇಷ್ಟ್ರೇ, ಇದನ್ನು ಓದುವಾಗ ನಮ್ಮ 'ಸತಿ ಸುಲೋಚನ' ನೆನಪಾಯಿತು. 1934ರ ನಮ್ಮ ಮೊದಲ ಟಾಕಿ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು, ಎಲ್ಲ ಹಾಡಿಕೊಂಡೇ ನಟಿಸಿದವರು. ಅದರ ಒಂದು ಪ್ರಿಂಟೂ ಉಳಿದಿಲ್ಲ. ಯಾರೋ ಒಬ್ಬರು ಅವತ್ತು ಒಂದು ಪೆಟ್ಟಿಗೆ ಎತ್ತಿಟ್ಟಿದ್ದರೆ ಅಂತ ಹೊಟ್ಟೆ ಉರಿಯುತ್ತದೆ.

ಮಲ್ಲೇಶ್ವರದವಳು

ನನ್ನ ಅಚ್ಚುಮೆಚ್ಚಿನ ವಿನ್ನಿ ಲೈಟ್ನರ್ ಹೆಸರು ಯಾರೂ ಹೇಳಲಿಲ್ಲವಲ್ಲ! 'ನಿಮಿಷಕ್ಕೊಂದು ಹಾಡಿನ ಹುಡುಗಿ' ಅಂತ ಅವರಿಗೆ ಬಿರುದು. ದನಿಯಲ್ಲಿ ನಾಜೂಕು ಅಂತ ಏನೂ ಇಲ್ಲ. ಗಟ್ಟಿ ಬಾಯಿ, ಗಟ್ಟಿ ನಗು, ಮೈಯೆಲ್ಲ ಕುಣಿಸಿಕೊಂಡು ಹಾಡುವುದು. 1929ರ 'ದ ಶೋ ಆಫ್ ಶೋಸ್'ನಲ್ಲಿ ಅವರ 'ಸಿಂಗಿಂಗ್ ಇನ್ ದ ಬಾತ್‌ಟಬ್' ನೋಡಿ, ಒಂದು ಗಳಿಗೆ ಬೇರೆ ಕಡೆ ಕಣ್ಣು ಹೋದರೆ ಕೇಳಿ.

ಅವರ ಕಷ್ಟ ಬೇರೆ ಥರದ್ದು. 1930ರಲ್ಲಿ ಹಾಲಿವುಡ್‌ನಿಂದ ನೂರಕ್ಕೂ ಹೆಚ್ಚು ಸಂಗೀತ ಚಿತ್ರಗಳು ಬಂದವು. ಜನರಿಗೆ ಸಾಕಾಗಿ ಹೋಯಿತು. 1931ರಲ್ಲಿ ಬಂದದ್ದು 14 ಮಾತ್ರ. ನಮ್ಮ ಚಿತ್ರದಲ್ಲಿ ಹಾಡುಗಳಿಲ್ಲ ಅಂತಲೇ ಥಿಯೇಟರಿನವರು ಜಾಹೀರಾತು ಕೊಡುವ ಕಾಲ ಬಂತು. ವಿನ್ನಿ ಅವರ 1931ರ 'ಗೋಲ್ಡ್ ಡಸ್ಟ್ ಗರ್ಟಿ' ಸಂಗೀತ ಚಿತ್ರವಾಗಿಯೇ ತಯಾರಾಗಿತ್ತು. ಅಮೆರಿಕದಲ್ಲಿ ಬಿಡುಗಡೆ ಮಾಡುವಾಗ ಹಾಡುಗಳನ್ನೆಲ್ಲ ಕತ್ತರಿಸಿದರು. ಹಾಡುಗಾರ್ತಿಯ ಚಿತ್ರದಿಂದ ಹಾಡೇ ಮಾಯ. ಕೆಲವೇ ವರ್ಷದಲ್ಲಿ ಅವರು ಸಿನಿಮಾ ಬಿಟ್ಟರು. ನಿರ್ದೇಶಕ ರಾಯ್ ಡೆಲ್ ರೂತ್ ಅವರನ್ನು ಮದುವೆಯಾದರು. 1933ರಲ್ಲಿ '42ನೇ ಸ್ಟ್ರೀಟ್' ಬಂದು ಸಂಗೀತ ಚಿತ್ರಗಳಿಗೆ ಮತ್ತೆ ಜೀವ ಬಂತು. ಆದರೆ ಮೊದಲ ಅಲೆಯ ಗಾಯಕರನ್ನು ಯಾರೂ ವಾಪಸ್ ಕರೆಯಲಿಲ್ಲ.

ಸ್ವರ_ಸಾವೇರಿ

ಇಷ್ಟು ಹೊತ್ತು ಓದುತ್ತಿದ್ದೆ. ಈಗ ಸ್ವಲ್ಪ ಉದ್ದ ಬರೆಯುತ್ತೇನೆ. ಇವರ ಬಗ್ಗೆ ಚಿಕ್ಕದಾಗಿ ಬರೆಯಲು ನನ್ನಿಂದ ಆಗುವುದಿಲ್ಲ.

ಎಟ್ಟಾ ಮೋಟೆನ್. 1901ರಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿದ ಕಪ್ಪು ಹೆಣ್ಣುಮಗಳು. 'ಗೋಲ್ಡ್ ಡಿಗರ್ಸ್ ಆಫ್ 1933' ಚಿತ್ರದ ಕೊನೆಯ ಹಾಡು 'ರಿಮೆಂಬರ್ ಮೈ ಫರ್ಗಾಟನ್ ಮ್ಯಾನ್'. ಮೊದಲ ಮಹಾಯುದ್ಧದಲ್ಲಿ ಹೋರಾಡಿ ಬಂದು, ಈಗ ಕೆಲಸವಿಲ್ಲದೆ ಬೀದಿಗೆ ಬಿದ್ದ ಸೈನಿಕರ ಹಾಡು. ಅದಕ್ಕೆ ಹಿಂದಿನ ವರ್ಷವಷ್ಟೇ, 1932ರ ಜುಲೈನಲ್ಲಿ, ತಮಗೆ ಬರಬೇಕಾದ ಬೋನಸ್ ಕೇಳಲು ವಾಷಿಂಗ್ಟನ್‌ಗೆ ಬಂದಿದ್ದ ಮಾಜಿ ಸೈನಿಕರನ್ನು ಸೈನ್ಯವೇ ಓಡಿಸಿತ್ತು. ನೋಡುವವರಿಗೆಲ್ಲ ಅದು ಗೊತ್ತಿತ್ತು.

ಹಾಡು ಶುರುವಾಗುವುದು ಜೋನ್ ಬ್ಲಾಂಡೆಲ್ ಅವರಿಂದ. ಅವರು ಹಾಡುವುದಕ್ಕಿಂತ ಜಾಸ್ತಿ ಮಾತಿನ ಹಾಗೆ ಹೇಳುತ್ತಾರೆ. ಆಮೇಲೆ ಕ್ಯಾಮೆರಾ ಮೇಲೆ ಹೋಗುತ್ತದೆ. ಒಂದು ಕಿಟಕಿ. ಅಲ್ಲಿ ಎಟ್ಟಾ. ಅದೇ ಸಾಲುಗಳನ್ನು ಅವರು ಹಾಡುತ್ತಾರೆ. ಬಾಯಿ ದೊಡ್ಡದಾಗಿ ತೆರೆಯುವುದಿಲ್ಲ, ಕೈ ಆಡಿಸುವುದಿಲ್ಲ. ಕೆಳಗಿನ ಸ್ವರದಲ್ಲಿ ಶುರು ಮಾಡಿ ಮೇಲಕ್ಕೆ ಹೋಗುವಾಗ ದನಿಯ ತೂಕ ಒಂದಿಷ್ಟೂ ಕಮ್ಮಿಯಾಗುವುದಿಲ್ಲ. ಸ್ವಲ್ಪ ಹೊತ್ತು, ಅಷ್ಟೇ. ಇಡೀ ಚಿತ್ರದಲ್ಲಿ ನಿಜವಾಗಿ ದುಃಖ ತಟ್ಟುವುದು ಅಲ್ಲಿ. ಅವರ ಹೆಸರು ಚಿತ್ರದ ಪಟ್ಟಿಯಲ್ಲಿ ಇಲ್ಲ.

1933ರಲ್ಲೇ 'ಫ್ಲೈಯಿಂಗ್ ಡೌನ್ ಟು ರಿಯೋ'. ಫ್ರೆಡ್ ಅಸ್ಟೇರ್ ಮತ್ತು ಜಿಂಜರ್ ರಾಜರ್ಸ್ ಮೊದಲ ಬಾರಿ ಜೊತೆಯಾಗಿ ಕುಣಿದ ಚಿತ್ರ. ಅದರ 'ಕರಿಯೋಕ' ಹಾಡಿನಲ್ಲಿ ಎಟ್ಟಾ ಹಾಡುತ್ತಾರೆ. ಆಸ್ಕರ್‌ನಲ್ಲಿ ಹಾಡಿಗೆ ಪ್ರಶಸ್ತಿ ಶುರು ಮಾಡಿದ ಮೊದಲ ವರ್ಷವೇ ಅದು ಅಂತಿಮ ಪಟ್ಟಿಯಲ್ಲಿತ್ತು. ಆ ಪಾತ್ರಕ್ಕೆ ಹೆಸರೂ ಇಲ್ಲ, ಬರೀ 'ಕಪ್ಪು ಗಾಯಕಿ'.

1934ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರ ಆಹ್ವಾನದ ಮೇಲೆ ಶ್ವೇತಭವನದಲ್ಲಿ ಹಾಡಿದರು. 1942ರಲ್ಲಿ ನ್ಯೂಯಾರ್ಕಿನ ನಾಟಕರಂಗ ಬ್ರಾಡ್‌ವೇಯಲ್ಲಿ 'ಪೋರ್ಗಿ ಅಂಡ್ ಬೆಸ್' ಸಂಗೀತ ನಾಟಕ ಮತ್ತೆ ಬಂದಾಗ ಬೆಸ್ ಪಾತ್ರ ಅವರದು. 1957ರಲ್ಲಿ ಘಾನಾ ಸ್ವತಂತ್ರವಾದಾಗ ಅಕ್ರಾದಲ್ಲಿದ್ದರು. ಅಲ್ಲೇ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಸಂದರ್ಶಿಸಿದರು. 2004ರಲ್ಲಿ ತೀರಿಕೊಂಡಾಗ 102 ವರ್ಷ. ಹಾಲಿವುಡ್ ಅವರಿಗೆ ಕೊಟ್ಟದ್ದು ಒಂದು ಕಿಟಕಿ ಮಾತ್ರ. ಆದರೆ ಅವರು ತಮ್ಮ ಬದುಕನ್ನು ಅಷ್ಟಕ್ಕೇ ನಿಲ್ಲಿಸಲಿಲ್ಲ.

ನೀನಾ ಮೇ ಮೆಕಿನ್ನಿ ಅವರನ್ನೂ ಸೇರಿಸಿ. 1929ರ 'ಹಾಲೆಲೂಯ'ದಲ್ಲಿ ನಾಯಕಿಯಾದಾಗ ಇನ್ನೂ ಹದಿಹರೆಯ. 'ಸ್ವಾನಿ ಷಫಲ್' ಹಾಡುತ್ತಾ ಕುಣಿಯುವುದನ್ನು ನೋಡಿದರೆ ಇವರು ಮುಂದೆ ದೊಡ್ಡ ತಾರೆ ಆಗಲೇಬೇಕು ಅನಿಸುತ್ತದೆ. ಎಂಜಿಎಂ ಸ್ಟುಡಿಯೋ ಐದು ವರ್ಷದ ಕರಾರು ಮಾಡಿಕೊಂಡಿತು. ಪಾತ್ರಗಳನ್ನು ಮಾತ್ರ ಕೊಡಲಿಲ್ಲ. ಅವರು ಯುರೋಪಿಗೆ ಹೋಗಿ ಹಾಡಿದರು.

ಹೊಸಬ_ದುರ್ಗ

ಈಗ ತಾನೇ ಆ ಕಿಟಕಿ ದೃಶ್ಯ ನೋಡಿ ಬಂದೆ ಮೇಡಂ. ಮತ್ತೆ ಮತ್ತೆ ಹಾಕಿಕೊಂಡು ಕೇಳಿದೆ. ಥ್ಯಾಂಕ್ಸ್.

ಧಾರವಾಡ_ಕಿವಿ

ಸಾವೇರಿ ತಂಗಿ, ದನಿಯ ತೂಕ ಅಂದಿದ್ದು ಸರಿಯಾಗಿದೆ. ಅದನ್ನೇ ಹುಡುಕುತ್ತಿದ್ದೆ.

ಚಿತ್ರಗಳಲ್ಲಿ ಹೆಚ್ಚು ಕಾಣಿಸಿಕೊಳ್ಳದಿದ್ದರೂ ಆ ಕಾಲದ ಚಿತ್ರಗೀತೆಗಳನ್ನು ಪ್ಲೇಟಿಗೆ ಹಾಡಿದವರೂ ಇದ್ದಾರೆ. ಆನೆಟ್ ಹ್ಯಾನ್‌ಶಾ. ಹೆಲೆನ್ ಮಾರ್ಗನ್ 1929ರ 'ಅಪ್ಲಾಸ್' ಚಿತ್ರದಲ್ಲಿ ಹಾಡಿದ 'ವಾಟ್ ವುಡಂಟ್ ಐ ಡು ಫಾರ್ ದಟ್ ಮ್ಯಾನ್' ಇವರ ದನಿಯಲ್ಲೂ ಇದೆ. ಹಾಡು ಮುಗಿದ ಮೇಲೆ 'ದಟ್ಸ್ ಆಲ್' ಅಂತ ಹೇಳುವುದು ಅವರ ರೂಢಿ. 1930ರ ದಶಕದಲ್ಲೇ ಹಾಡುವುದು ಬಿಟ್ಟರು. 2008ರಲ್ಲಿ ನೀನಾ ಪೇಲಿ ಎಂಬವರು ಮಾಡಿದ 'ಸೀತಾ ಸಿಂಗ್ಸ್ ದ ಬ್ಲೂಸ್' ಅನಿಮೇಷನ್‌ನಲ್ಲಿ ನಮ್ಮ ರಾಮಾಯಣದ ಸೀತೆ ಹಾಡುವುದು ಇವರ ಹಳೆಯ ಪ್ಲೇಟುಗಳ ದನಿಯಲ್ಲಿ. ನನಗೆ ಹ್ಯಾನ್‌ಶಾ ಪರಿಚಯವಾದದ್ದೇ ಸೀತೆಯಿಂದ.

ಮಲ್ಲೇಶ್ವರದವಳು

ಹೆಸರು ಮುಚ್ಚಿಟ್ಟ ಮಾತು ಬಂತಲ್ಲ, 'ಸ್ನೋ ವೈಟ್' ಬಿಡಬಾರದು. 1937ರಲ್ಲಿ ಸ್ನೋ ವೈಟ್‌ಗೆ ಮಾತೂ ಹಾಡೂ ಕೊಟ್ಟವರು ಏಡ್ರಿಯಾನಾ ಕ್ಯಾಸೆಲೊಟ್ಟಿ. ದಿನಕ್ಕೆ 20 ಡಾಲರ್, ಒಟ್ಟು ಸಿಕ್ಕಿದ್ದು 970 ಡಾಲರ್. ಚಿತ್ರದಲ್ಲಿ ಹೆಸರಿಲ್ಲ. ಸ್ನೋ ವೈಟ್ ದನಿ ಬೇರೆಲ್ಲೂ ಕೇಳಬಾರದು ಅಂತ ವಾಲ್ಟ್ ಡಿಸ್ನಿ ಬಯಸಿದ್ದರು. ಆಕೆಗೆ ದೊಡ್ಡ ಅವಕಾಶ ಮತ್ತೆ ಸಿಗಲೇ ಇಲ್ಲ. 1939ರ 'ವಿಝರ್ಡ್ ಆಫ್ ಆಝ್'ನಲ್ಲಿ ತಗಡಿನ ಮನುಷ್ಯನ ಹಾಡಿನ ನಡುವೆ ಒಂದೇ ಒಂದು ಸಾಲು ಬರುತ್ತದೆ, ರೋಮಿಯೋನನ್ನು ಕರೆಯುವ ಹೆಣ್ಣುದನಿ. ಅದು ಅವರದು. ಡಿಸ್ನಿ ಸಂಸ್ಥೆ ಅವರನ್ನು ಗೌರವಿಸಿದ್ದು 1994ರಲ್ಲಿ. ಅದಾದ ಮೂರು ವರ್ಷಕ್ಕೆ ತೀರಿಕೊಂಡರು.

ಪ್ಲೇಟು_ಪೆಟ್ಟಿಗೆ

ಮೇಡಂ, 'ಸ್ನೋ ವೈಟ್' ಹಾಡುಗಳಿಗೆ ಸಂಗೀತ ಕೊಟ್ಟವರು ಯಾರು ಗೊತ್ತಾ? ಮೇಷ್ಟ್ರು ಹೇಳಿದ ಅದೇ ಫ್ರಾಂಕ್ ಚರ್ಚಿಲ್. 1929ರಲ್ಲಿ ಕ್ಯಾಮೆರಾದ ಆಚೆ ಕೂತು ಬಾರ್ಥೆಲ್ಮೆಸ್ ಪಾಲಿನ ಪಿಯಾನೋ ನುಡಿಸಿದವರು.

1941ರ 'ಡಂಬೊ'ದ 'ಬೇಬಿ ಮೈನ್' ರಾಗವೂ ಅವರದೇ. ಸರಪಳಿ ಹಾಕಿದ ತಾಯಿ ಆನೆ ಸೊಂಡಿಲು ಚಾಚಿ ಮರಿಯನ್ನು ತೂಗುವಾಗ ಬರುವ ಹಾಡು. ಆಸ್ಕರ್ ಅಂತಿಮ ಪಟ್ಟಿಗೂ ಹೋಯಿತು. ಹಾಡಿದ ಬೆಟ್ಟಿ ನೋಯಸ್ ಹೆಸರು ಚಿತ್ರದಲ್ಲಿಲ್ಲ.

ಇದೇ ಬೆಟ್ಟಿ ನೋಯಸ್ 1952ರ 'ಸಿಂಗಿಂಗ್ ಇನ್ ದ ರೇನ್'ನಲ್ಲೂ ಇದ್ದಾರೆ. ಆ ಚಿತ್ರದ ಕಥೆಯೇ ಒಬ್ಬ ತಾರೆಗೆ ತೆರೆಯ ಹಿಂದೆ ನಿಂತು ಹಾಡುವ ಹುಡುಗಿಯ ಕಥೆ. ಕೊನೆಗೆ ಪರದೆ ಎಳೆದು, ಹಾಡಿದವಳು ಇವಳು ಅಂತ ಎಲ್ಲರಿಗೂ ತೋರಿಸುತ್ತಾರೆ. ಆ ಹುಡುಗಿಯ ಪಾತ್ರ ಡೆಬ್ಬಿ ರೆನಾಲ್ಡ್ಸ್ ಅವರದು. 'ವುಡ್ ಯೂ?' ಹಾಡಿನಲ್ಲಿ ಅವರ ಬಾಯಿಂದ ಬರುವ ದನಿ ಬೆಟ್ಟಿ ನೋಯಸ್ ಅವರದು. ಹೆಸರು ಅಲ್ಲೂ ಇಲ್ಲ. ಹಾಡಿದವರನ್ನು ಬೆಳಕಿಗೆ ತರಬೇಕು ಅಂತ ಹೇಳುವ ಚಿತ್ರವೇ ಹೀಗೆ ಮಾಡಿದ್ದು ನನಗೆ ಬಹಳ ಬೇಸರದ ಸಂಗತಿ.

ನ್ಯೂಜೆರ್ಸಿ_ಕನ್ನಡಿಗ

ಕೇಳಬೇಕು ಅನ್ನುವವರಿಗೆ ಒಂದು ಉಪಯೋಗದ ಮಾತು. ಅಮೆರಿಕದಲ್ಲಿ 1929ರ ಚಿತ್ರಗಳ ಹಕ್ಕುಸ್ವಾಮ್ಯ 2025ರ ಜನವರಿ 1ಕ್ಕೆ ಮುಗಿದಿದೆ. 'ಬ್ರಾಡ್‌ವೇ ಮೆಲೊಡಿ', 'ಹಾಲಿವುಡ್ ರೆವ್ಯೂ' ಎರಡೂ ಅದರಲ್ಲಿವೆ. ಯಾವ ಪ್ಲೇಟಿನಲ್ಲಿ ಯಾರು ಹಾಡಿದ್ದಾರೆ, ಯಾವ ದಿನ ಮುದ್ರಣ ಆಯಿತು ಅಂತ ನೋಡಲು ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಒಂದು ದೊಡ್ಡ ಪಟ್ಟಿ ಇಟ್ಟಿದೆ, ಉಚಿತ. ನಟರ ಹೆಸರು ನೋಡಿ ನಂಬಬೇಡಿ, ಅಲ್ಲಿ ಒಮ್ಮೆ ಹುಡುಕಿ.

ಮುಂದಿನ ಸರದಿ ಬರ್ನೀಸ್ ಕ್ಲೇರ್ ಮತ್ತು ಅಲೆಕ್ಸಾಂಡರ್ ಗ್ರೇ ಜೋಡಿಯದು. ಅವರ 'ಸಾಂಗ್ ಆಫ್ ದ ಫ್ಲೇಮ್' ಕಳೆದುಹೋಗಿದೆ, 'ಸ್ಪ್ರಿಂಗ್ ಈಸ್ ಹಿಯರ್' ನೋಡಲು ಸಿಗುತ್ತದೆ. ನೋಡಿಕೊಂಡು ಬನ್ನಿ, ನಾನು ಬರೆಯಲು ಶುರು ಮಾಡುತ್ತೇನೆ. ಮೇಷ್ಟ್ರೇ, ಜೇಮ್ಸ್ ಬರೋಸ್ 'ಹಾಲಿವುಡ್ ರೆವ್ಯೂ'ನಲ್ಲಿ ಹಾಡಿದ 'ಟ್ಯಾಬ್ಲೋ ಆಫ್ ಜುವೆಲ್ಸ್' ಬಗ್ಗೆ ನೀವು ಬರೆಯಬೇಕು.